ಬಚ್ಚಲಿಗೊಂದು ಲೈಸೆನ್ಸು

ಭದ್ರಾವತಿ ಹಳೇನಗರದ ಕರಿಯಮ್ಮನ ಮನೆ ಬಾಗಿಲಿಗೆ ಸರ್ಕಾರದ ನೋಟಿಸು ಅಂಟಿದ್ದು ಫೆಬ್ರವರಿಯ ಒಂದು ಮಂಗಳವಾರ, ಬೆಳಗಿನ ಎಂಟು ಗಂಟೆಗೆ. ಒಳಗೆ ಸಿದ್ದಯ್ಯ ಅಕ್ಕಿರೊಟ್ಟಿ ತಟ್ಟುತ್ತಿದ್ದ. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಬೆಳಗಿನ ಅಡುಗೆ ಅವನದೇ. ಅವನ ಹೆಂಡತಿ ಕರಿಯಮ್ಮ ಆರಕ್ಕೆ ಮನೆ ಬಿಟ್ಟರೆ ಬರುವುದು ಹನ್ನೊಂದಕ್ಕೆ. ಊರಿನ ಬಾಣಂತಿಯರಿಗೆ, ಹಸುಗೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು ಅವಳು ತಾಯಿಯಿಂದ ಕಲಿತ ಕಸುಬು.

ಸೊಸೆ ಮೋನಿಕಾ ಊಟದ ಡಬ್ಬಿ ಕಟ್ಟಿಕೊಂಡು ಹೊರಡುವುದರಲ್ಲಿದ್ದಳು. ನರ್ಸಿಂಗ್ ಓದಿದ್ದ ಅವಳು ಊರಂಚಿನ ಆರೋಗ್ಯ ಉಪಕೇಂದ್ರವೊಂದರಲ್ಲಿ ಗುತ್ತಿಗೆಯ ಮೇಲೆ ಆರೋಗ್ಯಾಧಿಕಾರಿಯಾಗಿದ್ದಳು. ಹೊರಗೆ ಬೈಕು ನಿಂತ ಸದ್ದಾಗಿ, ಬಾಗಿಲು ತೆಗೆಯುವಷ್ಟರಲ್ಲಿ ಅಂಟಿಸಿದವನು ಹೋಗಿಯಾಗಿತ್ತು.

"ಏನಮ್ಮ ಅದು, ಕರೆಂಟ್ ಬಿಲ್ಲಾ?" ಎಂದ ಸಿದ್ದಯ್ಯ ಒಳಗಿನಿಂದ.

ಮೋನಿಕಾ ಓದಿದಳು. 'ನೋಂದಣಿಯಿಲ್ಲದೆ ಪ್ರಸವೋತ್ತರ ಆರೈಕೆ ನೀಡುತ್ತಿರುವ ಖಾಸಗಿ ಘಟಕ: ಶ್ರೀಮತಿ ಕರಿಯಮ್ಮ. ಪಟ್ಟಿಯ ಕ್ರಮಸಂಖ್ಯೆ ಹದಿನೇಳು.' ಆ ಹದಿನೇಳನ್ನು ಅವಳು ಇನ್ನೊಮ್ಮೆ ಓದಿದಳು. ಪಟ್ಟಿ ಅವಳದೇ. ದೀಪಾವಳಿ ಕಳೆದ ಮೇಲೆ ಇಲಾಖೆಯಿಂದ ಫೋನು ಬಂದಿತ್ತು: ನಿಮ್ಮ ಕಡೆ ಬಾಣಂತಿ ಆರೈಕೆ ಮಾಡುವವರ ಹೆಸರು ಕಳಿಸಿ, ತರಬೇತಿ ಕೊಟ್ಟು ಗುರುತಿನ ಚೀಟಿ ಮಾಡಿಸುತ್ತೇವೆ. ಮೋನಿಕಾ ಇಪ್ಪತ್ತಮೂರು ಹೆಸರು ಹುಡುಕಿ ಟೈಪ್ ಮಾಡಿದ್ದಳು. ಹದಿನೇಳನೆಯದನ್ನು ಬರೆಯುವಾಗ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಆ ರಾತ್ರಿ ಊಟಕ್ಕೆ ನಾಲ್ವರೂ ಕೂತರು. ಮಗ ಲೋಹಿತ್ ಭದ್ರಾವತಿ–ಶಿವಮೊಗ್ಗ ಖಾಸಗಿ ಬಸ್ಸಿನ ಡ್ರೈವರ್. ಅವನಿಗೆ ನೋಟಿಸಿನ ವಿಷಯ ಗೊತ್ತಾದದ್ದು ಆಗಲೇ. ಕರಿಯಮ್ಮ ಬೆಳಗಿನ ಸಿಟ್ಟನ್ನು ಆರಲು ಬಿಡದೆ ಇಟ್ಟುಕೊಂಡಿದ್ದಳು.

"ಇನ್ನೊಂದ್ಸಲ ಓದ್ರಿ, ಇವ್ನೂ ಕೇಳ್ಲಿ," ಎಂದಳು ಗಂಡನಿಗೆ.

ಸಿದ್ದಯ್ಯ ಕನ್ನಡಕ ಏರಿಸಿದ. "ನೂರಿಪ್ಪತ್ತು ಚದರಡಿ ಪ್ರತ್ಯೇಕ ಕೊಠಡಿ. ಅಗ್ನಿ ಸುರಕ್ಷತೆ ಸರ್ಟಿಫಿಕೇಟು. ತ್ಯಾಜ್ಯ ವಿಲೇವಾರಿ ಒಪ್ಪಂದ. ದರಪಟ್ಟಿ ಬೋರ್ಡು. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಶೌಚಾಲಯ. ಇಷ್ಟು ಆಗೋ ತನಕ ಕೆಲಸ ನಿಲ್ಲಿಸ್ಬೇಕು. ಮೀರಿದ್ರೆ ಐವತ್ತು ಸಾವಿರದವರೆಗೂ ದಂಡ. ಇಪ್ಪತ್ತೊಂದು ದಿನಕ್ಕೆ ಶಿವಮೊಗ್ಗದಲ್ಲಿ ವಿಚಾರಣೆ."

"ನಾನು ನೀರು ಹಾಕೋದು ಅವರವರ ಮನೆ ಬಚ್ಚಲಲ್ಲಿ. ಎಲ್ಲಾ ಬಚ್ಚಲಿಗೂ ಬೋರ್ಡು ಹೊತ್ಕೊಂಡು ಹೋಗ್ಲಾ?"

"ಅಗ್ನಿ ಅಂದ್ರೆ ನೀರೊಲೆ ಇರ್ಬೇಕು ಬಿಡಮ್ಮ," ಎಂದ ಲೋಹಿತ್.

"ಗಂಡಸ್ರ ಶೌಚಾಲಯ ಯಾತಕ್ಕೆ ಹೇಳು? ನನ್ನ ಹತ್ರ ಬರೋ ಗಂಡಸ್ರಲ್ಲಿ ಎಲ್ರಿಗಿಂತ ಹಿರಿಯೋನಿಗೆ ಮೂರು ತಿಂಗ್ಳು. ಅವ್ನು ನನ್ನ ಮಡಿಲಲ್ಲೇ ಮುಗಿಸ್ತಾನೆ."

ಅಪ್ಪ ಮಗ ಇಬ್ಬರೂ ಮುದ್ದೆ ನುಂಗಲಾರದಷ್ಟು ನಕ್ಕರು. ಮೋನಿಕಾ ನಗಲಿಲ್ಲ. ಕರಿಯಮ್ಮನೂ ನಗುತ್ತಿರಲಿಲ್ಲ.

"ನನ್ನ ಹೆಸ್ರು ಇವ್ರಿಗೆ ಯಾರು ಕೊಟ್ರು? ಕೈ ಮುರ್ಕೊಂಡು ಬೀಳ್ಲಿ ಅವ್ರು."

ಹುರುಳಿ ಸಾರು ಬಡಿಸುತ್ತಿದ್ದ ಮೋನಿಕಾಳ ಕೈ ತಡೆಯಿತು. "ಸರ್ವೆ ಮಾಡಿರ್ತಾರೆ ಅತ್ತೆ," ಎಂದಳು. "ವಿಚಾರಣೆ ಆಗೋವರೆಗೆ ಹೋಗ್ಬೇಡಿ. ದಂಡ ಹಾಕಿದ್ರೆ ಕಷ್ಟ."

ಹಾಗೆ ಕರಿಯಮ್ಮ ಕೆಲಸ ನಿಲ್ಲಿಸಿದಳು. ನಿಲ್ಲಿಸಿದ್ದೇ ಮನೆಯಲ್ಲಿ ಗಲಾಟೆ ಶುರುವಾಯಿತು. ಐದಕ್ಕೇ ಎದ್ದು ಕೂರುವ ಹೆಂಗಸು, ಮಾಡಲು ಕೆಲಸವಿಲ್ಲ. ಸಿದ್ದಯ್ಯ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅವನು ತಟ್ಟಿದ ರೊಟ್ಟಿಯ ಅಂಚು ದಪ್ಪವೆಂದಳು. ಆರು ವರ್ಷದಿಂದ ಉಪ್ಪಿನ ಡಬ್ಬಿ ಎಡಕ್ಕಿತ್ತು; ಅದನ್ನು ಬಲಕ್ಕಿಟ್ಟಳು.

"ಮಾರಾಯ್ತಿ, ಈ ಅಡುಗೆಮನೆಗೂ ನೋಟಿಸು ಅಂಟಿಸ್ತೀಯಾ?" ಎಂದ ಸಿದ್ದಯ್ಯ ನಾಲ್ಕನೇ ದಿನ.

"ಅಂಟಿಸ್ತೀನಿ. ನಿಮ್ಮ ಹತ್ರ ಯಾವ ಸರ್ಟಿಫಿಕೇಟ್ ಇದೆ ತೋರ್ಸಿ."

ಫೋನುಗಳು ಮಾತ್ರ ನಿಲ್ಲಲಿಲ್ಲ. ಕಾಗದನಗರದ ಧನಲಕ್ಷ್ಮಿ ದಿನಕ್ಕೆರಡು ಬಾರಿ ಮಾಡುತ್ತಿದ್ದಳು. ಅವಳ ಮಗಳು ಸುಶ್ಮಿತಾ ಹೆತ್ತು ಹನ್ನೆರಡು ದಿನವಾಗಿತ್ತು. "ಅಕ್ಕಾ, ಮಗೂನ ಮುಟ್ಟೋಕೇ ನಂಗೆ ಕೈ ನಡುಗುತ್ತೆ. ಇವ್ಳಿಗೆ ಸೊಂಟ ಹಿಡ್ಕೊಂಡಿದೆ. ನೀವು ಸುಮ್ನೆ ನೆಂಟರ ಥರ ಬನ್ನಿ, ಯಾರಿಗೆ ಗೊತ್ತಾಗುತ್ತೆ?"

"ನೆಂಟರ ಥರ ಬಂದು ಕಳ್ಳರ ಥರ ನೀರು ಹಾಕ್ಲಾ? ಬೇಡ ಕಣೇ," ಎಂದು ಫೋನಿಟ್ಟ ಕರಿಯಮ್ಮ ಅರ್ಧ ಗಂಟೆ ಹಿತ್ತಿಲಲ್ಲಿ ಶತಪಥ ಹಾಕಿದಳು.

ಇತ್ತ ಉಪಕೇಂದ್ರಕ್ಕೆ ಒಂದು ಲಾರಿ ಬಂತು. 'ತಾಯಿ–ಮಗು ಸ್ನಾನ ಕಿಟ್' ಎಂದು ಅಚ್ಚಾದ ಅರವತ್ತು ಪೆಟ್ಟಿಗೆ ಇಳಿದವು. ಒಂದೊಂದರಲ್ಲೂ ಪ್ಲಾಸ್ಟಿಕ್ ತೊಟ್ಟಿ, ಟವಲು, ಒಂದು ಪುಸ್ತಿಕೆ. ಇಡಲು ಜಾಗವಿಲ್ಲದೆ ಗರ್ಭಿಣಿಯರನ್ನು ಪರೀಕ್ಷಿಸುವ ಏಕೈಕ ಕೋಣೆಯಲ್ಲೇ ಸೂರಿನವರೆಗೆ ಪೇರಿಸಬೇಕಾಯಿತು. ಮಂಚ ವರಾಂಡಕ್ಕೆ ಬಂತು. ಅಲ್ಲಿ ಸೀರೆ ಅಡ್ಡ ಕಟ್ಟಿಕೊಂಡು ಮೋನಿಕಾ ಹೊಟ್ಟೆ ನೋಡಿದಳು. ಕಿಟ್ ವಿತರಣೆಗೆ ಶಾಮಿಯಾನ, ಮೈಕು, ಹಾರ, ಶಾಲು ಎಲ್ಲ ಬಂದವು. ಆದರೆ ಕಬ್ಬಿಣಾಂಶದ ಮಾತ್ರೆ ಮುಗಿದು ಆರು ವಾರವಾಗಿತ್ತು, ಅದು ಬರಲಿಲ್ಲ. ಇಲಾಖೆಗೆ ಕೇಳಿದರೆ, "ಅದಕ್ಕೆ ಬೇರೆ ಬಜೆಟ್ ಹೆಡ್ಡು, ಮೇಡಂ. ಅದ್ರಲ್ಲಿ ದುಡ್ಡಿಲ್ಲ," ಎಂದರು.

ಕಿಟ್ ತೆಗೆದುಕೊಂಡ ಒಬ್ಬೊಬ್ಬಳನ್ನೂ ನಿಲ್ಲಿಸಿ ಮೋನಿಕಾ ಫೋಟೋ ತೆಗೆದು ಆ್ಯಪ್‌ಗೆ ಹಾಕಬೇಕಿತ್ತು. ಎಳೆಗೂಸಿನ ತಾಯಿಯೊಬ್ಬಳು ತೊಟ್ಟಿ ಹಿಡಿದುಕೊಂಡೇ ಕೇಳಿದಳು, "ಮೇಡಂ, ಕರಿಯಮ್ಮಜ್ಜಿ ಯಾವಾಗಿಂದ ಬರ್ತಾರೆ?"

ಅಂದು ಸಂಜೆ ಮೋನಿಕಾಗೆ ತಡೆದುಕೊಳ್ಳಲು ಆಗಲಿಲ್ಲ. ಎಲ್ಲರೂ ತಟ್ಟೆಯ ಮುಂದೆ ಕೂತಿದ್ದಾಗ, ಅನ್ನದ ಪಾತ್ರೆ ಕೆಳಗಿಟ್ಟು ಒಂದೇ ಉಸಿರಿಗೆ ಹೇಳಿದಳು.

"ಅತ್ತೆ, ನಿಮ್ಮ ಹೆಸ್ರು ಕೊಟ್ಟಿದ್ದು ನಾನು. ತರಬೇತಿಗೆ ಅಂತ ಕೇಳಿದ್ರು. ಹಿಂಗೆ ಮಾಡ್ತಾರೆ ಅಂತ ಆಣೆಗೂ ಗೊತ್ತಿರ್ಲಿಲ್ಲ."

ಕರಿಯಮ್ಮ ಸೊಸೆಯನ್ನು ದಿಟ್ಟಿಸಿದಳು.

"ನನ್ನ ಹೆಸ್ರಿನ ಮುಂದೆ ಏನಂತ ಬರ್ದೆ?"

"ಅನುಭವ ಮೂವತ್ತೆಂಟು ವರ್ಷ ಅಂತ."

"ನಲವತ್ತೊಂದು," ಎಂದಳು ಕರಿಯಮ್ಮ. ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದಳು.

ಮರುದಿನದಿಂದ ಅವಳು ಸೊಸೆಯೊಡನೆ ಮಾತು ಬಿಟ್ಟಳು. ಹೇಳುವುದೇನಿದ್ದರೂ ಗಂಡನ ಮೂಲಕ. "ಡಬ್ಬಿಗೆ ಚಟ್ನಿ ಹಾಕಿದೀನಿ ಅಂತ ಹೇಳ್ರಿ ಅವ್ಳಿಗೆ." ಮೋನಿಕಾ ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದಳು. ಸಿದ್ದಯ್ಯ ಗಂಭೀರವಾಗಿ ತಿರುಗಿ, "ಚಟ್ನಿ ಹಾಕಿದಾಳಂತಮ್ಮ," ಎನ್ನುತ್ತಿದ್ದ. ಮೋನಿಕಾ ಮಾಡಿದ ಅಡುಗೆಯನ್ನು ಮಾತ್ರ ಕರಿಯಮ್ಮ ಮುಟ್ಟುತ್ತಿರಲಿಲ್ಲ. ರಾತ್ರಿ ಮಜ್ಜಿಗೆ ಅವಲಕ್ಕಿ ಕಲಸಿಕೊಳ್ಳುತ್ತಿದ್ದಳು.

ವಿಚಾರಣೆಗೆ ನಾಲ್ಕು ದಿನ ಉಳಿದಾಗ ಮೋನಿಕಾ ತನ್ನ ಹಳೆಯ ಮೆಸೇಜುಗಳನ್ನೆಲ್ಲ ಕೆದಕಿದಳು. ತಾನು ಕಳಿಸಿದ ಪಟ್ಟಿ ಸಿಕ್ಕಿತು. ಅದರ ತಲೆಯ ಮೇಲೆ ಸ್ಪಷ್ಟವಾಗಿತ್ತು: 'ತರಬೇತಿ ಬಯಸುವ ಸಾಂಪ್ರದಾಯಿಕ ಆರೈಕೆದಾರರು.' ನೋಟಿಸಿನ ಜೊತೆಗಿದ್ದ ಪ್ರತಿಯಲ್ಲಿ ಅದೇ ಇಪ್ಪತ್ತಮೂರು ಹೆಸರು, ಅದೇ ಕ್ರಮ, ತಾನು ಮಾಡಿದ್ದ ಕಾಗುಣಿತದ ತಪ್ಪೂ ಅದೇ. ತಲೆಬರಹ ಮಾತ್ರ ಬೇರೆ: 'ಅನಧಿಕೃತ ಘಟಕಗಳು.' ಎರಡನ್ನೂ ಪ್ರಿಂಟ್ ತೆಗೆಸಿಕೊಂಡು ಬಂದಳು.

"ಇದನ್ನ ನೀನು ಅಲ್ಲಿ ತೋರಿಸ್ತೀಯಾ?" ಎಂದ ಲೋಹಿತ್. "ಮೋನಿ, ಏಪ್ರಿಲ್‌ಗೆ ನಿನ್ನ ಕಾಂಟ್ರ್ಯಾಕ್ಟ್ ಮುಗಿಯುತ್ತೆ. ಸಹಿ ಹಾಕೋರು ಅವ್ರೇ."

"ಗೊತ್ತು."

"ಅಮ್ಮನೇ ಹೋಗಿ ಮಾತಾಡ್ಲಿ ಬಿಡು. ಆಕೆ ಬಾಯಿಗೆ ಅವ್ರೇ ಹೆದರ್ತಾರೆ."

"ಅವರ ಹೆಸ್ರು ಕೊಟ್ಟಿದ್ದು ನಾನು. ಬಾಯಿ ಮಾತ್ರ ಅವರದ್ದಾ?"

"ಕೆಲ್ಸ ಹೋದ್ರೆ?"

"ಹೋದ್ರೆ ನಾನೂ ನಿಮ್ಮಮ್ಮನ ಥರ ಪಾತ್ರೆ ಎರಡೆರಡು ಸಲ ತೊಳೀತೀನಿ."

ಗೋಡೆಯಾಚೆ ಕರಿಯಮ್ಮನ ಬಳೆ ಸದ್ದಾಯಿತು. ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ.

ವಿಚಾರಣೆಯ ದಿನ ಲೋಹಿತನ ಒಂಬತ್ತರ ಬಸ್ಸಿಗೇ ಹೊರಟರು. ಕರಿಯಮ್ಮ ಮೊದಲ ಸೀಟಿನಲ್ಲಿ, ಮೋನಿಕಾ ಮೂರನೆಯದರಲ್ಲಿ. ಹೊಸಮನೆ ಸ್ಟಾಪಿನಲ್ಲಿ ಕೂಸು ಹೊತ್ತ ಇಬ್ಬರು ಹೆಂಗಸರು ಹತ್ತಿದರು. ಬಿ.ಎಚ್. ರಸ್ತೆಯಲ್ಲಿ ಇನ್ನೂ ಮೂವರು. ಮುಂದಿನ ಸ್ಟಾಪಿನಲ್ಲಿ ಧನಲಕ್ಷ್ಮಿ, ಸೊಂಟಕ್ಕೆ ಬಟ್ಟೆ ಬಿಗಿದ ಸುಶ್ಮಿತಾ, ಅವಳ ತೋಳಿನಲ್ಲಿ ಕೆಂಪು ಟೋಪಿಯ ಮಗು.

"ನೀವೆಲ್ಲ ಎಲ್ಲಿಗೇ?" ಎಂದಳು ಕರಿಯಮ್ಮ ಗಾಬರಿಯಿಂದ.

"ನೀವೆಲ್ಲಿಗೆ ಹೋಗ್ತೀರೋ ಅಲ್ಲಿಗೆ," ಎಂದಳು ಧನಲಕ್ಷ್ಮಿ. "ಊರಿಗೆಲ್ಲ ಫೋನ್ ಮಾಡಿದೀನಿ ಅಕ್ಕಾ. ಕರೆನ್ಸಿ ಖಾಲಿ."

ಊರು ದಾಟುವಷ್ಟರಲ್ಲಿ ಬಸ್ಸಿನಲ್ಲಿ ಹನ್ನೊಂದು ಕೂಸುಗಳಿದ್ದವು. ಒಂದು ಅತ್ತರೆ ಇನ್ನೊಂದಕ್ಕೆ ಹತ್ತುತ್ತಿತ್ತು. ಕಾಲೇಜು ಹುಡುಗಿಯರು ಎದ್ದು ಸೀಟು ಬಿಟ್ಟುಕೊಟ್ಟರು. ಲೋಹಿತ್ ಹಾರ್ನ್ ಮುಟ್ಟದೆ, ರಸ್ತೆಯಲ್ಲಿ ಹಂಪು ಬಂದಲ್ಲಿ ಬಸ್ಸನ್ನು ಮದುವೆ ಹೆಣ್ಣಿನ ಹಾಗೆ ಮೆಲ್ಲಗೆ ಏರಿಸಿ ಇಳಿಸಿ ಓಡಿಸಿದ. ಮೋನಿಕಾಗೆ ಹೆದರಿಕೆ ಎಲ್ಲಿ ಮುಗಿದು ಹುರುಪು ಎಲ್ಲಿ ಶುರುವಾಯಿತೆಂದು ತಿಳಿಯಲೇ ಇಲ್ಲ. ಮಡಿಲಿಗೆ ಯಾರೋ ಕೊಟ್ಟ ಕೂಸು ಅವಳ ಬೆರಳು ಹಿಡಿದುಕೊಂಡು ನಿದ್ದೆ ಹೋಗಿತ್ತು.

ಶಿವಮೊಗ್ಗದ ಕಚೇರಿಯಲ್ಲಿ ಹತ್ತೂವರೆಗೆ ಅಂದಿದ್ದ ವಿಚಾರಣೆ ಹನ್ನೆರಡಾದರೂ ಶುರುವಾಗಲಿಲ್ಲ. ಯಾರೋ ದೊಡ್ಡವರು ಸೋಗಾನೆಯ ವಿಮಾನ ನಿಲ್ದಾಣಕ್ಕೆ ಬರುತ್ತಾರೆಂದು ಸಾಹೇಬರು ಅಲ್ಲಿಗೆ ಹೋಗಿದ್ದರು. ಕಾರಿಡಾರಿನ ತುಂಬ ಹೆಂಗಸರು ಕಾಲು ನೀಡಿ ಕೂತು ಹಾಲೂಡಿಸಿದರು. ಜವಾನ ಮೊದಲು ಗದರಿದ, ಆಮೇಲೆ ಫ್ಯಾನು ತಂದಿಟ್ಟ.

ಅಧಿಕಾರಿ ಕಾಂತರಾಜ್ ಬೆವರುತ್ತ ಬಂದರು. ಐವತ್ತರ ಆಸುಪಾಸು, ದಣಿದ ಮುಖ. ಕಾರಿಡಾರಿನ ಕೂಸುಗಳನ್ನು ದಾಟಿ ಕುರ್ಚಿಗೆ ಹೋಗಲು ಅವರಿಗೆ ಐದು ನಿಮಿಷ ಹಿಡಿಯಿತು.

"ಒಬ್ರನ್ನ ಕರೆದ್ರೆ ಇಷ್ಟು ಜನ ಯಾಕೆ?"

"ಇವ್ರೇ ಸಾರ್ ನನ್ನ ಘಟಕ," ಎಂದಳು ಕರಿಯಮ್ಮ. "ಬೇರೆ ಕಟ್ಟಡ ಇಲ್ಲ."

ಕಾಂತರಾಜ್ ನಗಲಿಲ್ಲ. "ನೋಡಿ ಅಮ್ಮ, ಸುಮ್ನೆ ಕಾಟ ಕೊಡೋಕೆ ನಿಯಮ ಮಾಡಲ್ಲ. ಹೋದ ವರ್ಷ ಒಂದು ಮಗೂಗೆ ಯಾರೋ ಮೂಗಿಗೆ ಎಣ್ಣೆ ಬಿಟ್ಟು ನ್ಯುಮೋನಿಯಾ ಆಯ್ತು. ಆ ಮಗು ಉಳೀಲಿಲ್ಲ. ಆ ಫೈಲ್ ನೋಡಿದೋನು ನಾನು."

ಕರಿಯಮ್ಮನ ದನಿ ತಗ್ಗಿತು. "ತಪ್ಪೇ ಸಾರ್ ಅದು. ನಾನೂ ಮೊದ್ಲು ಬಿಡ್ತಿದ್ದೆ. ಹತ್ತು ವರ್ಷದ ಹಿಂದೆ ಮಕ್ಕಳ ಡಾಕ್ಟ್ರು ಒಬ್ರು ಕೂರ್ಸಿ ಹೇಳಿದ್ರು, ಹಿಂಗೆ ಹಿಂಗೆ ಆಗುತ್ತೆ ಕರಿಯಮ್ಮ ಅಂತ. ಅವತ್ತೇ ಬಿಟ್ಟೆ. ಅವ್ರು ಬಾಗಿಲಿಗೆ ಏನೂ ಅಂಟಿಸಿರ್ಲಿಲ್ಲ."

"ಆದ್ರೆ ಎಲ್ರೂ ನಿಮ್ಮ ಥರ ಇರಲ್ವಲ್ಲ."

"ಇಲ್ಲ ಸಾರ್. ಇಲ್ದಿದ್ದೋರಿಗೆ ನೂರಿಪ್ಪತ್ತು ಅಡಿ ಕೋಣೆ ಕೊಟ್ರೆ, ಆ ಕೋಣೇಲಿ ಕೂತು ಎಣ್ಣೆ ಬಿಡ್ತಾರೆ."

ಕಾಂತರಾಜ್ ಕೈಲಿದ್ದ ಪೆನ್ನನ್ನು ಕೆಳಗಿಟ್ಟರು. ಆ ಕ್ಷಣವೇ ಮೋನಿಕಾ ಎದ್ದು ಮುಂದೆ ಬಂದಳು. ಎರಡೂ ಹಾಳೆಗಳನ್ನು ಮೇಜಿನ ಮೇಲಿಟ್ಟಳು.

"ಸರ್, ನಾನು ಮೋನಿಕಾ, ಉಪಕೇಂದ್ರದ ಆರೋಗ್ಯಾಧಿಕಾರಿ. ಇವರ ಸೊಸೆ. ಈ ಪಟ್ಟಿ ಮಾಡಿದ್ದು ನಾನು. ತರಬೇತಿಗೆ ಅಂತ ಕೇಳಿದ್ದಕ್ಕೆ ಇಪ್ಪತ್ತಮೂರು ಜನ ನಂಬಿ ಹೆಸ್ರು ಕೊಟ್ರು. ಇದು ನಾನು ಕಳ್ಸಿದ್ದು, ಇದು ನೋಟಿಸಲ್ಲಿ ಇರೋದು. ತಲೆಬರಹ ನಾನು ಬದಲಾಯಿಸಿಲ್ಲ."

ಕಾಂತರಾಜ್ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಓದಿದರು. "ಡ್ಯೂಟಿ ಟೈಮಲ್ಲಿ ಇಲ್ಲಿಗೆ ಹೇಗೆ ಬಂದ್ರಿ?"

"ರಜಾ ಅರ್ಜಿ ಹಾಕಿದೀನಿ ಸರ್. ಮಂಜೂರಾಗಿಲ್ಲ. ಬಂದಿದೀನಿ."

"ಮುಂದೆ ಇಲಾಖೆ ಏನ್ ಕೇಳಿದ್ರೂ ಇವ್ರು ಯಾರೂ ಹೆಸ್ರು ಕೊಡಲ್ಲ ಅಂತೀರಾ?"

"ಹೆಸ್ರಲ್ಲ ಸರ್, ಬಾಗಿಲೇ ತೆಗೆಯಲ್ಲ. ನಾನು ಮನೆಮನೆಗೆ ಹೋಗಿ ಲಸಿಕೆ ಹಾಕ್ಬೇಕಾದೋಳು. ನನ್ನ ಮನೇಲೇ ನನ್ನ ಜೊತೆ ಮಾತು ಬಿಟ್ಟಿದ್ದಾರೆ."

ಒಳಗಿದ್ದವರೆಲ್ಲ ಕರಿಯಮ್ಮನನ್ನು ನೋಡಿದರು. ಅವಳು ಸೆರಗು ಸರಿಮಾಡಿಕೊಂಡಳು. ಕಾರಿಡಾರಿನಲ್ಲಿ ಒಂದು ಕೂಸು ಚೀರಿತು, ಹಿಂದೆಯೇ ಹತ್ತೂ ದನಿಗೂಡಿಸಿದವು. ಆ ಗದ್ದಲದ ನಡುವೆಯೇ ಕಾಂತರಾಜ್ ಫೈಲಿನ ಮೇಲೆ ಬರೆದು ಓದಿ ಹೇಳಿದರು: ಸ್ವಂತ ಸ್ಥಳವಿಲ್ಲದೆ ಮನೆಮನೆಗೆ ಹೋಗಿ ಸ್ನಾನ ಮಾಡಿಸುವವರು 'ಘಟಕ' ಎನಿಸುವುದಿಲ್ಲ, ಇಪ್ಪತ್ತಮೂರು ನೋಟಿಸುಗಳನ್ನೂ ಹಿಂಪಡೆಯಲಾಗಿದೆ.

ಹೊರಗೆ ಹೆಂಗಸರು ಕೂಗಾಡಿದ್ದಕ್ಕೆ ಎದುರಿನ ಅಂಗಡಿಯವರು ಏನಾಯಿತೆಂದು ಓಡಿಬಂದರು. ಧನಲಕ್ಷ್ಮಿ ಎಲ್ಲರಿಗೂ ಕಬ್ಬಿನ ಹಾಲು ಕೊಡಿಸಿದಳು. ಹೋಟೆಲೊಂದಕ್ಕೆ ನುಗ್ಗಿ ಕೂತಾಗ ಕರಿಯಮ್ಮ ತನ್ನ ದೋಸೆಯಲ್ಲಿ ಅರ್ಧ ಮುರಿದು ಸೊಸೆಯ ತಟ್ಟೆಗೆ ಹಾಕಿದಳು.

"ತಿನ್ನು. ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು."

ಹತ್ತು ದಿನದ ಮೇಲೆ ನೇರವಾಗಿ ಬಂದ ಮೊದಲ ಮಾತು. ಸಿದ್ದಯ್ಯ ಅಲ್ಲಿರಲಿಲ್ಲ, ತಲುಪಿಸಲು ಬೇರೆ ಯಾರೂ ಇರಲಿಲ್ಲ. ಮೋನಿಕಾ ತಲೆ ತಗ್ಗಿಸಿ ತಿಂದಳು.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮೂರನೇ ದಿನ ಮೋನಿಕಾಗೆ ಮೆಮೊ ಬಂತು: ಅನುಮತಿಯಿಲ್ಲದ ಗೈರುಹಾಜರಿಗೆ ಕಾರಣ ಕೊಡಿ. ಅವಳು ಎರಡೇ ಸಾಲಿನ ಉತ್ತರ ಬರೆದಳು. ಏಪ್ರಿಲ್‌ನಲ್ಲಿ ಗುತ್ತಿಗೆ ಮುಂದುವರಿಯಿತು, ಆದರೆ ಹೊಳೆಹೊನ್ನೂರಿನ ಆಚೆಗೆ ವರ್ಗ. ಎಂಟರ ಬಸ್ಸು ಹಿಡಿದು, ಇನ್ನೊಂದು ಬಸ್ಸು ಬದಲಾಯಿಸಬೇಕು.

ಅದೇ ವಾರ ಕರಿಯಮ್ಮನಿಗೂ ಒಂದು ಪತ್ರ ಬಂತು, ಈ ಸಲ ಅಂಟಿಸದೆ ಲಕೋಟೆಯಲ್ಲಿ. ಸಿದ್ದಯ್ಯ ಓದುತ್ತ ಓದುತ್ತ ಎದ್ದು ನಿಂತ.

"ನಿನ್ನನ್ನ 'ಜಿಲ್ಲಾ ಮುಖ್ಯ ತರಬೇತುದಾರರು' ಅಂತ ಮಾಡಿದಾರೆ ಮಾರಾಯ್ತಿ. ತಿಂಗಳಿಗೆ ಹನ್ನೆರಡು ಸಾವಿರ. ಶಿವಮೊಗ್ಗದಲ್ಲಿ ಎಸಿ ಹಾಲಂತೆ. ತರಬೇತಿಗೆ ಅಂತ ವಿದೇಶಿ ಗೊಂಬೆ ಇಪ್ಪತ್ತು ತರಿಸ್ತಾರಂತೆ."

"ಯಾವ ಹೊತ್ತಲ್ಲಿ?"

"ದಿನಾ ಎಂಟಕ್ಕೆ ಬೆರಳೊತ್ತಿ ಹಾಜರಿ."

"ಎಂಟಕ್ಕೆ ನಾನು ಮೂರನೇ ಮನೇಲಿರ್ತೀನಿ."

"ಅಮ್ಮ, ಹನ್ನೆರಡು ಸಾವಿರ," ಎಂದ ಲೋಹಿತ್. "ಇಷ್ಟು ವರ್ಷ ಸೊಂಟ ಬಗ್ಸಿದ್ದು ಸಾಕು. ಕುರ್ಚಿ ಮೇಲೆ ಕೂತು ಹೇಳ್ಕೊಡು."

"ಹಂಗಾದ್ರೆ ಮಕ್ಳಿಗೆ ನೀರು ಹಾಕೋದು ಯಾರೋ?"

"ನಿನ್ನ ಹತ್ರ ಕಲಿತೋರು."

"ಗೊಂಬೆ ಮೇಲಾ? ಗೊಂಬೆಗೆ ಚಳಿ ಆಗಲ್ಲ, ಹಸಿವಾಗಲ್ಲ. ಅದು ಕೈ ಜಾರಿದ್ರೂ ಅಳಲ್ಲ. ಅದ್ರ ಮೇಲೆ ಕಲಿತೋಳನ್ನ ನಾನು ಯಾರ ಮನೆಗೂ ಕಳ್ಸಲ್ಲ." ಅವಳು ಸೊಸೆಯತ್ತ ತಿರುಗಿದಳು. "ನೀನೇನಂತೀಯ?"

"ಕಲಿಸೋದು ಒಳ್ಳೇದೇ ಅತ್ತೆ. ಆ ಎಣ್ಣೆ ಬಿಡೋದು ನಿಲ್ಬೇಕು ಅಂದ್ರೆ ನಿಮ್ಮಂಥೋರು ಹೇಳಿದ್ರೇ ನಿಲ್ಲೋದು. ಆದ್ರೆ ಎಂಟು ಗಂಟೆ ಅಂತ ಬರೆದೋರಿಗೆ ಮಕ್ಳು ಎಷ್ಟೊತ್ತಿಗೆ ಏಳ್ತವೆ ಅಂತ ಗೊತ್ತಿಲ್ಲ."

"ಬರ್ಕೊ ಹಂಗಾದ್ರೆ."

ಮೋನಿಕಾ ಪೆನ್ನು ಹಿಡಿದಳು. ಕರಿಯಮ್ಮ ಬೆಳ್ಳುಳ್ಳಿ ಬಿಡಿಸುತ್ತಲೇ ಹೇಳಿ ಬರೆಸಿದಳು: "ನಿಮ್ಮ ಕಾಗದ ತಲುಪಿತು. ಬೆಳಗ್ಗೆ ಆರರಿಂದ ಹನ್ನೊಂದರ ತನಕ ನನಗೆ ಪುರುಸೊತ್ತಿಲ್ಲ. ಗೊಂಬೆ ತರಿಸಬೇಡಿ, ಆ ದುಡ್ಡಿಗೆ ಕಬ್ಬಿಣಾಂಶದ ಮಾತ್ರೆ ತರಿಸಿ. ಕಲಿಯೋ ಮನಸ್ಸಿರೋರನ್ನ ಒಬ್ಬೊಬ್ಬರಾಗಿ ನನ್ನ ಜೊತೆ ಕಳಿಸಿ. ಸಂಬಳ ಬೇಡ. ಉಗುರು ಕತ್ತರಿಸಿಕೊಂಡು ಬರಲಿ."

"ಸಂಬಳ ಬೇಡ ಅನ್ನೋದನ್ನ ಯಾಕೆ ಸೇರಿಸ್ತೀಯ?" ಎಂದ ಸಿದ್ದಯ್ಯ ನೋವಿನಿಂದ.

"ಸಂಬಳ ತಗೊಂಡ್ರೆ ಬೆರಳೊತ್ತಬೇಕು," ಎಂದು ಕರಿಯಮ್ಮ ಸಹಿ ಹಾಕಿದಳು.

ಉತ್ತರ ಬರಲಿಲ್ಲ. ಒಬ್ಬರೂ ಬರಲಿಲ್ಲ. ಎರಡು ವಾರ ಕಾದು, ಮೇ ತಿಂಗಳ ಒಂದು ಸೋಮವಾರ ಕರಿಯಮ್ಮ ಆರಕ್ಕೆ ಚಪ್ಪಲಿ ಮೆಟ್ಟುವಾಗ ಮೋನಿಕಾ ಯೂನಿಫಾರ್ಮ್ ತೊಟ್ಟು, ಕೂದಲು ಎತ್ತಿ ಕಟ್ಟಿಕೊಂಡು ಹೊರಗೆ ನಿಂತಿದ್ದಳು.

"ನಿನ್ನ ಬಸ್ಸು ಎಂಟಕ್ಕಲ್ವಾ?"

"ಅಷ್ಟರಲ್ಲಿ ಎರಡು ಮನೆ ಆಗುತ್ತಲ್ಲ ಅತ್ತೆ."

ಕರಿಯಮ್ಮ ಸೊಸೆಯ ಎರಡೂ ಕೈ ಹಿಡಿದು ತಿರುಗಿಸಿ ಉಗುರು ನೋಡಿದಳು.

ಜನ್ನಾಪುರದ ಆ ಮನೆಯ ಬಚ್ಚಲಲ್ಲಿ ಹಬೆ ತುಂಬಿತ್ತು. ಮೋನಿಕಾ ಮಣೆಯ ಮೇಲೆ ಕಾಲು ನೀಡಿ ಕೂತಳು. ಒಂಬತ್ತು ದಿನದ ಹೆಣ್ಣುಕೂಸನ್ನು ಅತ್ತೆ ಅವಳ ಮೊಣಕಾಲುಗಳ ಮೇಲೆ ಬೋರಲು ಮಲಗಿಸಿದಳು. ನರ್ಸಿಂಗ್ ಓದಿ, ನೂರಾರು ಮಕ್ಕಳಿಗೆ ಲಸಿಕೆ ಚುಚ್ಚಿದ ಮೋನಿಕಾಗೆ ಈ ಅಂಗೈಯಗಲದ ಬೆನ್ನು ಮುಟ್ಟಲು ಭಯವಾಯಿತು. ಚೀಲದಿಂದ ಥರ್ಮಾಮೀಟರ್ ತೆಗೆದು ನೀರಿಗೆ ಅದ್ದಿದಳು.

"ನಲವತ್ತು," ಎಂದಳು. "ಮೂರು ಡಿಗ್ರಿ ಜಾಸ್ತಿ."

ಕರಿಯಮ್ಮ ಮೊಣಕೈ ಅದ್ದಿದಳು. "ಹೂಂ. ಒಂದೂವರೆ ಚೊಂಬು ತಣ್ಣೀರು."

ಬೆರೆಸಿದಳು. ಮೋನಿಕಾ ಮತ್ತೆ ಅದ್ದಿ ನೋಡಿದಳು. ಮೂವತ್ತೇಳಕ್ಕೆ ಒಂದು ಕೂದಲೆಳೆ ಹೆಚ್ಚು.

"ಸರಿ ಇದ್ಯಾ?" ಎಂದಳು ಅತ್ತೆ.

"ಸರಿ ಇದೆ."

"ನಂದೂ ಸರಿ, ನಿಂದೂ ಸರಿ. ಕತ್ತಿಗೆ ಕೈ ಕೊಡು, ಬಿಗಿಯಾಗಿ ಹಿಡೀಬೇಡ."

ಮೊದಲ ಚೊಂಬು ಬೆನ್ನಿಗೆ ಬಿತ್ತು. ಕೂಸು ಅಳಲು ಬಾಯಿ ತೆರೆದದ್ದು, ಬಿಸಿ ಹಿತವಾಗಿ ಹರಿಯುತ್ತಿದ್ದಂತೆ ಸುಮ್ಮನಾಗಿ, ಮೋನಿಕಾಳ ಮೊಣಕಾಲಿಗೆ ಕೆನ್ನೆಯೊತ್ತಿ ಕಣ್ಣು ಮುಚ್ಚಿತು.